ಕಬ್ಬಿಣಕ್ಕೆ ಉಪ್ಪು

ಸೀಮೆಎಣ್ಣೆಯ ವಾಸನೆ ಈಗ ಮೂಗಿಗೆ ಬೀಳುವುದೇ ಅಪರೂಪ. ಮೊನ್ನೆ ಲ್ಯಾಬಿನಲ್ಲಿ ಯಾರೋ ಹಳೆಯ ಬೇರಿಂಗನ್ನು ಅದರಲ್ಲಿ ತೊಳೆಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ವರ್ಕ್‌ಶಾಪು, ಮೋಟು ಸ್ಟೂಲಿನ ಮೇಲೆ ಮೆಕ್ಯಾನಿಕ್ ಸಾಹೇಬರು, ಸುತ್ತ ಬಿಚ್ಚಿ ಹರಡಿದ ಅಡಿಕೆ ಸುಲಿಯುವ ಮಷೀನುಗಳು...

ನಾನಾಗ ಪಿಎಚ್‌ಡಿ ಎಂಬ ವ್ರತ ಹಿಡಿದಿದ್ದೆ. ಉಕ್ಕಿಗೆ ಉಕ್ಕು ತಿಕ್ಕುವಾಗಿನ ಘರ್ಷಣೆ ತಗ್ಗಿಸಲು ಎಣ್ಣೆಗೆ ಅಯಾನಿಕ್ ಲಿಕ್ವಿಡ್ ಬೆರೆಸುವುದು ನನ್ನ ವಿಷಯ. ಅಂದರೆ, ಕಾಯಿಸದೆಯೇ ನೀರಿನ ಹಾಗೆ ಹರಿಯುವ ಒಂದು ಜಾತಿಯ ಉಪ್ಪು. ಎಣ್ಣೆಯಲ್ಲಿ ಸ್ವಲ್ಪವೇ ಬಿದ್ದರೂ ಉಕ್ಕಿನ ಮೈಗೆ ಪೊರೆಯಾಗಿ ಅಂಟಿ ಸವೆತ ತಡೆಯುತ್ತದೆ. ಮೂರು ವರ್ಷದ ತಪಸ್ಸಿಗೆ ಲ್ಯಾಬಿನ ಘರ್ಷಣೆ ಅಳೆಯುವ ಯಂತ್ರ ಒಲಿದಿತ್ತು. ಗ್ರಾಫಿನ ಗೆರೆ ಕೆಳಗಿಳಿದಿತ್ತು. ಪ್ರಬಂಧ ಒಪ್ಪಿಸಲು ಎರಡೇ ತಿಂಗಳು ಬಾಕಿ. ನಿಜವಾದ ಮಷೀನಿನಲ್ಲಿ ಓಡಿಸಿದ ಫೋಟೊ ಒಂದಿದ್ದರೆ ಕೊನೆಯ ಅಧ್ಯಾಯಕ್ಕೆ ಶೋಭೆ ಎಂದು, ಸೀತೂರಿನ ನಮ್ಮ ಮನೆಗೆ ಬಂದವನು ಬಾಟಲಿ ಹಿಡಿದು ಸಾಹೇಬರ ಮುಂದೆ ನಿಂತೆ.

“ಎಂತ ಇದು?”

“ಉಪ್ಪು ಸಾಹೇಬ್ರೆ. ಎಣ್ಣೆಗೆ ಹಾಕೋದು.”

“ಕಬ್ಬಿಣಕ್ಕೆ ಉಪ್ಪಾ! ಎರಡು ಮಾವಿನಕಾಯಿನೂ ತಂದಿದ್ರೆ ಉಪ್ಪಿನಕಾಯಿ ಹಾಕಬಹುದಿತ್ತಲ್ಲ ಮಾರಾಯ್ರೆ!”

ನನ್ನ ಪ್ರವಚನವನ್ನು ಪೂರ್ತಿ ಕೇಳಿದರು. ಆದರೆ ಮಷೀನಿಗೆ ಹಾಕಲಿಲ್ಲ. ಹೊಸ ಎಣ್ಣೆ ಯಾವುದೇ ಬರಲಿ, ಅವರದೊಂದು ಕಟ್ಟಳೆಯಿತ್ತು. ಉಕ್ಕಿನ ತುಂಡೊಂದನ್ನು ಉಜ್ಜಿ ಹೊಳಪು ಮಾಡಿ, ಒಂದು ಬದಿಗೆ ಹಳೆಯ ಎಣ್ಣೆಯ ಹನಿ, ಇನ್ನೊಂದು ಬದಿಗೆ ಹೊಸದು ಬಿಟ್ಟು, ಎಂಟು ದಿನ ಕಿಟಕಿಯಲ್ಲಿಡುವುದು. ಆಗ ಆಷಾಢ. ಎರಚಲು ಒಳಗೇ ಬರುತ್ತಿತ್ತು.

“ಗಿರಾಕಿ ಮಷೀನು ನಂದಲ್ಲ. ಇದು ಪಾಸಾದ್ರೆ ಮೊದಲು ನನ್ನ ಡ್ರಿಲ್ಲಿಂಗ್ ಮಷೀನಿಗೇ ಹಾಕ್ತೀನಿ” ಎಂದರು.

ನನ್ನ ಮೂರು ವರ್ಷ ಹೋಗಿ ಕಿಟಕಿಯಲ್ಲಿ ಕೂತಿತು.

ಎಂಟನೆಯ ದಿನ ಎರಡೂ ಹನಿ ಒರೆಸಿದರು. ಹಳೆಯ ಎಣ್ಣೆಯ ಕೆಳಗೆ ಉಕ್ಕು ಮದುಮಗನ ಮುಖದಂತಿತ್ತು. ನನ್ನದರ ಕೆಳಗೆ ಸಿಡುಬು ಎದ್ದಿತ್ತು.

“ನಿಮ್ಮ ಲ್ಯಾಬಲ್ಲಿ ಏಸಿ ಇದ್ಯಾ?”

“ಇದೆ.”

“ಹಂಗಾರೆ ಅಲ್ಲೇ ಓಡ್ಸಿ. ಕೊಪ್ಪಕ್ಕೆ ತರಬೇಡಿ.”

ನನ್ನ ಉಪ್ಪಿನಲ್ಲಿ ಫ್ಲೋರಿನ್ ಇತ್ತು. ತೇವ ಸೋಕಿದರೆ ಆಮ್ಲ ಹುಟ್ಟಿ ಉಕ್ಕನ್ನು ತಿನ್ನುತ್ತದೆ. ಓದಿದ್ದೆ, ಒಣಕೋಣೆಯಲ್ಲಿ ಕೂತು ಮರೆತಿದ್ದೆ. ಮಲೆನಾಡಿನಲ್ಲಿ ಹುಟ್ಟಿಯೂ ತೇವವನ್ನು ಮರೆಯುವುದು ಎಲ್ಲರಿಂದಾಗುವ ಕೆಲಸವಲ್ಲ. ಅದಕ್ಕೆ ಉನ್ನತ ವ್ಯಾಸಂಗ ಬೇಕು.

ಪ್ರಬಂಧ ಎರಡು ವರ್ಷ ಮುಂದೆ ಹೋಯಿತು. ಫ್ಲೋರಿನ್ ಇಲ್ಲದ, ಫಾಸ್ಫೇಟಿನ ಉಪ್ಪೊಂದನ್ನು ಹಿಡಿದು, ತೇವದ ಪೆಟ್ಟಿಗೆಯಲ್ಲೇ ಇಟ್ಟು ಪರೀಕ್ಷಿಸಿದೆ. ಇವತ್ತು ನಾನು ಉಣ್ಣುತ್ತಿರುವ ಅನ್ನ ಆ ಎರಡನೆಯ ಉಪ್ಪಿನದು. ಮೊದಲನೆಯದನ್ನೇ ಒಪ್ಪಿಸಿ ಡಾಕ್ಟರಾಗಿದ್ದರೆ... ಎಷ್ಟು ಮಷೀನುಗಳ ಶಾಪ ತಟ್ಟುತ್ತಿತ್ತೋ!

ಹೊಸ ಬಾಟಲಿಯೊಂದಿಗೆ ಕೊಪ್ಪಕ್ಕೆ ಹೋದಾಗ ವರ್ಕ್‌ಶಾಪಿಗೆ ಬೀಗ. ಸಾಹೇಬರು ತೀರಿಕೊಂಡು ಮೂರು ತಿಂಗಳಾಯಿತೆಂದು ಪಕ್ಕದ ಅಂಗಡಿಯವರು ಹೇಳಿದರು. ನನಗೆ ತಿಳಿಸಬೇಕೆಂದು ಯಾರಿಗೆ ಹೊಳೆಯಬೇಕು? ನಾನು ಅವರ ಗಿರಾಕಿಯೂ ಅಲ್ಲ.

ಆ ಎಣ್ಣೆಯನ್ನು ಸೀತೂರಿನ ನಮ್ಮ ಮನೆಯ ಸುಲಿಯುವ ಮಷೀನಿಗೆ ಹಾಕಿದೆ. ಅಂದಿನಿಂದ ಅದೇ ಎಣ್ಣೆ. ಈಗಲೂ ತಕರಾರಿಲ್ಲದೆ ಓಡುತ್ತಿದೆ. “ಬೆಲ್ಟ್ ಒಳ್ಳೇದು ಮಾರಾಯ, ಅದಕ್ಕೇ” ಎನ್ನುತ್ತಾನೆ ಅಣ್ಣ. ನಾನು ವಾದಕ್ಕಿಳಿಯುವುದಿಲ್ಲ. ಬೆಲ್ಟೋ ಎಣ್ಣೆಯೋ ಎಂದು ಸದ್ದು ಕೇಳಿಯೇ ಹೇಳಬಲ್ಲವರು ಒಬ್ಬರಿದ್ದರು.