ಹಡಗಿನ ಸುದ್ದಿ ಕೇಳಬಾರದು

ಭಗವದ್ಭಕ್ತರೇ, ತುಸು ಕಿವಿಗೊಟ್ಟು ಕೇಳಿರಿ. ಕಾಸರಗೋಡಿನವರಾದ ತಿರುಮಲೇಶ್ವರರಾಯರು ತಿರುವನಂತಪುರದ ಸರಕಾರಿ ಕಚೇರಿಯೊಂದರಲ್ಲಿ ಆಜ್ಞೆಗಳ ಕರಡು ಬರೆಯುವ ಅಧಿಕಾರಿಯಾಗಿದ್ದರು. ದೇವರ ಪೂಜೆಯಲ್ಲಿ ಎಷ್ಟು ಶ್ರದ್ಧೆಯೋ, ಬರೆದ ವಾಕ್ಯದಲ್ಲಿ ಸಂದು ಉಳಿಯದಂತೆ ನೋಡಿಕೊಳ್ಳುವುದರಲ್ಲಿಯೂ ಅವರಿಗೆ ಅಷ್ಟೇ ಶ್ರದ್ಧೆ.

೧೯೭೧ರ ಡಿಸೆಂಬರಿನಲ್ಲಿ ಯುದ್ಧ ಬಂತು. ಕೊಚ್ಚಿಗೆ ಬರಬೇಕಾದ ಸರಕಿನ ಹಡಗುಗಳು ದಾರಿಯಲ್ಲೇ ತಡೆದು ನಿಂತವು. ವಿಮೆಯ ದರ ಏರಿತು. ಕೊಚ್ಚಿಯ ಮಟ್ಟಾಂಚೇರಿಯ ಗೋದಾಮುಗಳಲ್ಲಿ ಹಡಗಿಗೆ ಕಾದಿದ್ದ ಒಣಶುಂಠಿಗೆ ಬೂಷ್ಟು ಹಿಡಿಯಿತು. ಹಡಗು ಎಲ್ಲಿದೆಯೆಂದು ಕೇಳಲು ವರ್ತಕರು ಹಡಗು ಕಂಪನಿಗಳ ಬಾಗಿಲಿಗೆ ಮುಗಿಬಿದ್ದರು. ಶತ್ರುವಿಗೆ ಸುಳಿವು ಸಿಕ್ಕೀತೆಂದು ರಾಯರು ಬರೆದರು: ಹಡಗಿನ ವಿಷಯವನ್ನಾಗಲಿ, ಅದರಲ್ಲಿರುವವರ ವಿಷಯವನ್ನಾಗಲಿ ಯಾರಿಗೂ ಯಾವ ಕಾರಣಕ್ಕೂ ತಿಳಿಸತಕ್ಕದ್ದಲ್ಲ. ಗೋಳು ಹೇಳಿಕೊಂಡು ಬಂದ ವರ್ತಕರಿಗೆ, ದೇವರಲ್ಲಿ ಭರವಸೆಯಿಡಿ ಎಂದರು. ಶುಂಠಿ ತಮ್ಮದಲ್ಲವಾದ್ದರಿಂದ ಉಪದೇಶ ಸರಾಗವಾಗಿಯೇ ಬಂತು.

ಆದರೆ ಅವರ ಒಬ್ಬನೇ ಮಗ ಶ್ರೀಕಂಠ ಅಂಥದೇ ಹಡಗೊಂದರಲ್ಲಿ ಎಂಜಿನಿಯರನಾಗಿದ್ದ. ಅರಬ್ಬೀ ಸಮುದ್ರದಲ್ಲಿ ಹಡಗೊಂದು ಮುಳುಗಿತೆಂಬ ಗಾಳಿಸುದ್ದಿ ಹಬ್ಬಿದಾಗ ಪತ್ನಿ ಸೌದಾಮಿನಿ ಅನ್ನ ಬಿಟ್ಟರು. ದಂಪತಿಗಳು ರೈಲು ಹತ್ತಿ ಕೊಚ್ಚಿಗೆ ಹೋದರು. ಮಗನ ಹಡಗು ಕಂಪನಿಯ ಕಚೇರಿಯಲ್ಲಿ ಕುಳಿತಿದ್ದ ಗುಮಾಸ್ತ ಅಚ್ಯುತ, ಮಂಜೇಶ್ವರದವನು.

"ಮಗ ಬದುಕಿದ್ದಾನಾ ಇಲ್ವಾ, ಅಷ್ಟು ಹೇಳಿದ್ರೆ ಸಾಕು ಮಾರಾಯ," ಎಂದರು ಸೌದಾಮಿನಿ.

"ಹೇಳ್ಲಿಕ್ಕಿಲ್ಲ ಅಮ್ಮ. ಆರ್ಡರ್ ಉಂಟು."

"ಅಷ್ಟೂ ಹೇಳ್ಬಾರ್ದಾ?" ರಾಯರ ಧ್ವನಿ ಕುಗ್ಗಿತ್ತು.

"ತಿರುವನಂತಪುರದಲ್ಲಿ ಯಾರೋ ಭಾರೀ ಬುದ್ಧಿವಂತ ಬರ್ದದ್ದು ಸಾರ್. ಎಲ್ಲಿಯಾದ್ರೂ ಒಂದು ಸಂದು ಉಂಟಾ ಅಂತ ನಾನೂ ಹುಡುಕಿದೆ. ಬೇಕಾದ್ರೆ ಹೊರಗೆ ಚಾಯದಂಗಡಿಯ ಚೇಟ್ಟನ ಹತ್ರ ಕೇಳಿ. ಅವನಿಗೆ ಎಲ್ಲಾ ಹಡಗೂ ಗೊತ್ತುಂಟು. ನಿನ್ನೆ ಮುಳುಗಿಸಿದ್ದನ್ನು ಇವತ್ತು ತೇಲಿಸ್ತಾನೆ."

ಸೌದಾಮಿನಿ ಗಂಡನತ್ತ ತಿರುಗಿದರು. "ಆ ಬುದ್ಧಿವಂತರು ನೀವೇ ಅಲ್ವಾ? ಹೆತ್ತವಳು ಯಾರನ್ನು ಕೇಳ್ಬೇಕು, ಅದನ್ನೂ ಬರ್ದಿದ್ದೀರಾ?"

ಅಚ್ಯುತ ತಲೆ ತಗ್ಗಿಸಿದ. ರಾಯರಿಗೆ ದೇವರಲ್ಲಿ ಭರವಸೆಯಿಡು ಎನ್ನಲು ನಾಲಗೆ ಏಳಲಿಲ್ಲ. ಅಲ್ಲಿನ ಬೆಂಚಿನ ಮೇಲೆಯೇ ಕುಳಿತು ತಿದ್ದುಪಡಿ ಬರೆದರು: ಹಡಗು ಇರುವ ಸ್ಥಳ ಗುಟ್ಟಾಗಿರಲಿ, ನಾವಿಕರು ಕ್ಷೇಮವೋ ಅಲ್ಲವೋ ಎಂಬುದನ್ನು ಮನೆಯವರಿಗೆ ತಿಳಿಸತಕ್ಕದ್ದು. ಆ ಕಡತ ಮೇಜಿನಿಂದ ಮೇಜಿಗೆ ಶಾಸ್ತ್ರೋಕ್ತವಾಗಿ ಸಂಚರಿಸಿತು. ಮಂಜೂರಾಗಿ ಬರುವಷ್ಟರಲ್ಲಿ ಯುದ್ಧವೇ ಮುಗಿದು, ಶ್ರೀಕಂಠ ಮನೆಯಲ್ಲಿ ಕುಳಿತು ಎರಡನೆಯ ಸಲ ಸಾರು ಬಡಿಸಿಕೊಳ್ಳುತ್ತಿದ್ದ.

ಅಂದಿನಿಂದ ರಾಯರು ಯಾವ ಕರಡಿಗೂ ಸಹಿ ಹಾಕುವ ಮುನ್ನ ಎದ್ದು, ಮೇಜನ್ನು ಸುತ್ತಿ ಬಂದು, ಅರ್ಜಿದಾರರ ಕುರ್ಚಿಯಲ್ಲಿ ಕುಳಿತು ಅದನ್ನು ಓದುತ್ತಿದ್ದರು. ಕಚೇರಿಯವರು ನಕ್ಕರು, ರಾಯರು ಓದುವುದನ್ನು ಬಿಡಲಿಲ್ಲ. ಪ್ರಿಯರೇ, ಮತ್ತೊಬ್ಬರ ಮೇಲೆ ಕಟ್ಟಳೆ ಹೊರಿಸುವ ಮೊದಲು ನೀವೂ ದಯಮಾಡಿ ಆ ಕುರ್ಚಿಯಲ್ಲಿ ಒಂದು ಗಳಿಗೆ ಕುಳಿತುಕೊಳ್ಳಿರಿ.