ಜಯರಾಂ ಸಾರ್ ಸ್ಟಿಕ್ಕನ್ನು ಮುಂದಕ್ಕೆ ಒತ್ತುತ್ತಿದ್ದುದೇಕೆ

ಟಕ್! ಪೈಲಟ್‌ನ ಕೈಯಿಂದ ಕಂಪ್ಯೂಟರ್ ವಿಮಾನವನ್ನು ತೆಗೆದುಕೊಳ್ಳುವಾಗ ಕ್ಲಚ್ ಕೂಡಿಕೊಳ್ಳುವ ಶಬ್ದ ಅದು. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಫ್ಲೈಟ್ ಕಂಟ್ರೋಲ್ ಎಂಜಿನಿಯರ್ ಆಗಿ ನಿವೃತ್ತಳಾಗಿ ನಾಲ್ಕು ವರ್ಷ ಕಳೆದಿತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣ ಕಂಪನಿಯೊಂದು ನನ್ನನ್ನು ಕನ್ಸಲ್ಟೆಂಟ್ ಆಗಿ ಕರೆಯಿತು. ಬಸವೇಶ್ವರನಗರದ ಮನೆಯಿಂದ ಸ್ಕೂಟರಿನಲ್ಲಿ ಹತ್ತೇ ನಿಮಿಷ. ಹಳೆಯ ಫೈಟರ್ ವಿಮಾನಗಳಿಗೆ ಆಟೋಮ್ಯಾಟಿಕ್ ಗ್ರೌಂಡ್ ಕೊಲಿಷನ್ ಅವಾಯ್ಡೆನ್ಸ್, ಅಂದರೆ ನೆಲಕ್ಕೆ ಬಡಿಯದಂತೆ ತಾನಾಗಿ ಕಾಯುವ ವ್ಯವಸ್ಥೆ, ಜೋಡಿಸುವ ಕೆಲಸ. ಬಿರುಸಾದ ತಿರುವಿನಲ್ಲಿ ಪೈಲಟ್‌ಗೆ ಪ್ರಜ್ಞೆ ತಪ್ಪಬಹುದು. ಮೋಡದೊಳಗೆ ಮೇಲು ಕೆಳಗು ತಿಳಿಯದೇ ಹೋಗಬಹುದು. ಆಗ ಕಂಪ್ಯೂಟರ್ ತನ್ನಲ್ಲಿರುವ ಗುಡ್ಡಬೆಟ್ಟಗಳ ನಕ್ಷೆ ನೋಡಿಕೊಂಡು, ಕಟ್ಟಕಡೆಯ ಕ್ಷಣದಲ್ಲಿ ರೆಕ್ಕೆ ಸಮ ಮಾಡಿ ವಿಮಾನವನ್ನು ಮೇಲೆತ್ತಬೇಕು. ಸ್ವಲ್ಪ ಮೊದಲೇ ಎತ್ತಿದರೂ ಬೇಕೆಂದೇ ತಗ್ಗಿನಲ್ಲಿ ಹಾರುವ ಪೈಲಟ್‌ಗೆ ಅದೊಂದು ನ್ಯೂಸೆನ್ಸ್. ಅವನು ಸ್ವಿಚ್ ಆಫ್ ಮಾಡುತ್ತಾನೆ. ಆಫ್ ಆದ ಯಂತ್ರ ಯಾರನ್ನು ತಾನೇ ಉಳಿಸೀತು?

ಗುಜರಿಗೆ ಹೋಗಬೇಕಿದ್ದ ಕಾಕ್‌ಪಿಟ್ ಒಂದನ್ನೇ ಸಿಮ್ಯುಲೇಟರ್ ಮಾಡಿದ್ದೆವು. ಕಿರಿಯ ಪೈಲಟ್‌ಗಳೆಲ್ಲ ಹಾರಿಸಿ ಖುಷಿಪಟ್ಟರು. ಕೊನೆಗೆ ಬಂದವರು ಟೆಸ್ಟ್ ಪೈಲಟ್ ವಿಂಗ್ ಕಮಾಂಡರ್ ಜಯರಾಂ. ಅವರ ಸಹಿ ಇಲ್ಲದೆ ನಮ್ಮ ಕಂಪ್ಯೂಟರ್ ಪೆಟ್ಟಿಗೆ ನಿಜವಾದ ವಿಮಾನ ಹತ್ತುವಂತಿರಲಿಲ್ಲ.

ಅವರು ನೆಲಕ್ಕೆ ಹತ್ತಿರದಲ್ಲಿ, ಗೆರೆ ಎಳೆದಂತೆ ನೇರವಾಗಿ ಹಾರಿಸುತ್ತಿದ್ದರು. ಆದರೂ ಟಕ್! ಮತ್ತೆ ಟಕ್! ನಾಲ್ಕು ಸಲ ಕಂಪ್ಯೂಟರ್ ಸುಮ್ಮಸುಮ್ಮನೆ ವಿಮಾನವನ್ನು ಕಸಿದುಕೊಂಡಿತು.

"ಸಾರ್ ಕೈ ಸ್ವಲ್ಪ ನಡುಗ್ತಿದೆಯೇನೋ ಮೇಡಂ," ಎಂದ ನಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಹರೀಶ, ಅವರಿಗೆ ಕೇಳಿಸುವ ಹಾಗೆಯೇ.

"ನಡುಗ್ತಿರೋದು ನಿನ್ನ ಕೋಡು ಕಣೋ," ಎಂದು ಜಯರಾಂ ಇಳಿದು ಬಂದರು. "ಮೇಡಂ, ಬೇಜಾರಾಗ್ಬೇಡಿ. ಹೀಗೇ ಇದ್ರೆ ನಾನು ಸೈನ್ ಮಾಡಲ್ಲ. ಹುಡುಗ್ರಿಗೂ ಆಫ್ ಮಾಡ್ಕೊಂಡು ಹಾರಿ ಅಂತೀನಿ."

"ಒನ್ ಮೋರ್ ಸಾರ್ಟಿ, ಪ್ಲೀಸ್. ಇನ್ನೊಂದೇ ಹಾರಾಟ," ಎಂದೆ. ಈ ಬಾರಿ ಸ್ಕ್ರೀನ್ ಬಿಟ್ಟು, ಕಾಕ್‌ಪಿಟ್ಟಿನ ಏಣಿ ಹತ್ತಿ ಅವರ ಕೈಯನ್ನೇ ನೋಡುತ್ತಾ ನಿಂತೆ. ವಿಮಾನ ನೇರವಾಗಿ ಹೋಗುತ್ತಿದೆ, ಕೈ ಮಾತ್ರ ವಿಮಾನದ ಮೂತಿ ಏರಿಸಿ ಇಳಿಸುವ ಸ್ಟಿಕ್ಕನ್ನು ಮುಂದಕ್ಕೆ ಒತ್ತುತ್ತಲೇ ಇದೆ!

"ಯಾಕೆ ಸಾರ್ ಒತ್ತುತಾ ಇದೀರಾ?"

"ಒತ್ತದೇ ಇದ್ರೆ ಮೇಲಕ್ಕೆ ಹೋಗ್ಬಿಡುತ್ತಲ್ಲ! ತಗ್ಗಿನಲ್ಲಿ ಹಾರುವಾಗ ಟ್ರಿಮ್ ಒಂಚೂರು ಮೇಲಕ್ಕೇ ಇಟ್ಟಿರ್ತೀವಿ. ಅಕಸ್ಮಾತ್ ಕೈ ಜಾರಿದ್ರೆ ವಿಮಾನ ತಾನಾಗೇ ಮೇಲೇಳ್ಬೇಕು, ನೆಲಕ್ಕಲ್ಲ. ನಮ್ ಕಾಲದವರೆಲ್ಲ ಹಂಗೇ."

ಟ್ರಿಮ್ ಎಂದರೆ ಕೈಬಿಟ್ಟಾಗ ವಿಮಾನದ ಮೂತಿ ಎತ್ತ ತಿರುಗಬೇಕೆಂದು ಮೊದಲೇ ಮಾಡಿಡುವ ಹೊಂದಾಣಿಕೆ. ಸ್ಟಿಕ್ ಮುಂದಕ್ಕೆ ಒತ್ತಿದವನು ಕೆಳಗಿಳಿಯುತ್ತಾನೆ ಎಂದಷ್ಟೇ ನಾವು ಲೆಕ್ಕ ಹಾಕಿದ್ದೆವು! ಅದಕ್ಕೇ ಕಂಪ್ಯೂಟರ್ ಪ್ರತಿ ಸಲ ವಿಮಾನವನ್ನು ಕಸಿದುಕೊಳ್ಳುತ್ತಿತ್ತು. ಕಿರಿಯರು ತಂತಾನೇ ಟ್ರಿಮ್ ಆಗುವ ಹೊಸ ವಿಮಾನಗಳಿಂದ ಬಂದವರು. ಅವರಿಗೆ ಆ ಅಭ್ಯಾಸವೇ ಇರಲಿಲ್ಲ.

"ಹರೀಶಾ, ಲೆಕ್ಕಕ್ಕೆ ಟ್ರಿಮ್ ಸೇರಿಸೋ!" ಎಂದು ಏಣಿಯ ಮೇಲಿಂದಲೇ ಕೂಗಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದ ಮೆಲುದನಿ ಅವತ್ತು ಎಲ್ಲಿ ಹೋಗಿತ್ತೋ.

ಮೂರು ವಾರದ ನಂತರ ಜಯರಾಂ ಮತ್ತೆ ಬಂದರು. ತಗ್ಗಿನಲ್ಲಿ ಅರ್ಧ ಗಂಟೆ ಹಾರಿದರೂ ಒಂದು ಶಬ್ದವಿಲ್ಲ. ಆಮೇಲೆ ವಿಮಾನವನ್ನು ಮಗುಚಿ ನೆಲದ ಕಡೆ ನುಗ್ಗಿಸಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಮಗುಚಿದ ವಿಮಾನಕ್ಕೆ ಮೇಲೆಂದರೆ ನೆಲದ ಕಡೆ; ಅದನ್ನು ಅವರ ಟ್ರಿಮ್ ಉಳಿಸಲಾರದು. ಸ್ಕ್ರೀನಿನ ತುಂಬ ನೆಲ ಉಬ್ಬಿ ಬಂತು. ಟಕ್! ದಿಗಂತ ಗಿರ್ರನೆ ತಿರುಗಿ ಸಮವಾಯಿತು; ಎದುರಿಗೆ ಬರೀ ಆಕಾಶ. ಅವರು ಪೆನ್ ಕೇಳಿದರು.

ಹಳೆಯ ಯಂತ್ರಕ್ಕೆ ಹೊಸ ಬುದ್ಧಿ ಹಾಕುವ ಮುನ್ನ, ಅದನ್ನು ನಡೆಸುವವರ ಕೈಗೆ ಏನೇನು ಗೊತ್ತಿದೆಯೆಂದು ಕೇಳಬೇಕು. ನನ್ನ ವೃತ್ತಿ ನನಗೆ ಅಷ್ಟು ತಡವಾಗಿ ಕಲಿಸಿದ್ದು ಇದನ್ನು.

ಜಯರಾಂ ಅವರನ್ನು ಕೊನೆಯದಾಗಿ ಕಂಡದ್ದು ನಿಜವಾದ ವಿಮಾನದ ಮೊದಲ ಪರೀಕ್ಷೆಯ ಬೆಳಿಗ್ಗೆ. ಇಳಿದವರು ನನ್ನ ಕಡೆ ಬರಲೇ ಇಲ್ಲ. ಬೆವರಿನಲ್ಲಿ ತೊಯ್ದು ನೇರ ಕಿರಿಯ ಪೈಲಟ್‌ಗಳ ನಡುವೆ ನುಗ್ಗಿದರು. ಹ್ಯಾಂಗರಿನ ಬಾಗಿಲಲ್ಲಿ ನಿಂತಿದ್ದ ನನಗೆ ಮಾತು ಕೇಳಿಸುತ್ತಿರಲಿಲ್ಲ. ಅವರ ಬಲ ಅಂಗೈ ಮಗುಚಿಕೊಂಡು ಕೆಳಗೆ ಕೆಳಗೆ ಇಳಿಯಿತು, ಒಮ್ಮೆಲೇ ಸಮವಾಯಿತು, ಎಲ್ಲರ ತಲೆಗಿಂತ ಮೇಲಕ್ಕೆ ಚಿಮ್ಮಿತು.