ನಾಗಿಯ ಏಳನೇ ನಂಬರ್ ಫಾರಂ

ಈಶಾಡು ಮಾವಿನಹಣ್ಣು ಮುಗಿಯುವುದಕ್ಕೂ ಹೈಸ್ಕೂಲಿನ ಬಾಗಿಲು ತೆರೆಯುವುದಕ್ಕೂ ಸರಿಹೋಗುತ್ತಿದ್ದ ಕಾಲ ಅದು. ನಮ್ಮ ಹೊಳನಗದ್ದೆಯಲ್ಲಿ ಮೇ ತಿಂಗಳೆಂದರೆ ಅಂಗಳದ ತುಂಬ ಒಣಗುವ ಸಾಮಾನೇ. ಹಲಸಿನ ಹಪ್ಪಳ, ಮುರುಗಲ ಸಿಪ್ಪೆ, ಬೇಯಿಸಿದ ಭತ್ತ. ಕಾಗೆ ಓಡಿಸುವ ಕೆಲಸ ಮಕ್ಕಳದ್ದು. ನನ್ನ ಓರಗೆಯವರು ಆ ದಿನಗಳ ಬಗ್ಗೆ ಬರೆಯುವಾಗ ಓದುವವರ ಬಾಯಲ್ಲಿ ನೀರೂರಿಸುತ್ತಾರೆ. ಬರೆಯಲಿ, ಪಾಪ. ಹಪ್ಪಳದ ಹಿಟ್ಟು ಕದ್ದು ತಿಂದವಳು ನಾನೂ ಹೌದು. ಆದರೆ ಆ ಒಂದು ಬೇಸಿಗೆಯನ್ನು ನೆನೆದರೆ ನನ್ನ ಮೂಗಿಗೆ ಮೊದಲು ಬರುವುದು ಹಪ್ಪಳದ ವಾಸನೆಯಲ್ಲ, ಶಾಯಿಯ ವಾಸನೆ.

ನಾನು ಒಂಬತ್ತನೇ ಇಯತ್ತೆ ಮುಗಿಸಿ ಹತ್ತಕ್ಕೆ ಹೋಗುವವಳಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದೇನೂ ಹೇಳಿಕೊಳ್ಳುವಂಥ ಜಮೀನ್ದಾರಿಕೆಯಲ್ಲ. ಅಪ್ಪ ಕನ್ನಡ ಶಾಲೆಯ ಮಾಸ್ತರು, ಅಜ್ಜನ ಕಾಲದಿಂದ ಬಂದದ್ದು ಒಂದೇ ಒಂದು ಗದ್ದೆ. ಅದನ್ನು ಗೇಣಿಗೆ ಮಾಡುತ್ತಿದ್ದವಳು ನಾಗಿ. ಅವಳ ಮಾವ ಅದನ್ನೇ ಉತ್ತು ಸತ್ತ, ಗಂಡನೂ ಅದನ್ನೇ ಉತ್ತು ಸತ್ತ. ಮಕ್ಕಳಿಲ್ಲದ ನಾಗಿ ಒಬ್ಬಳೇ ಉಳಿದು, ಆಳು ಕರೆದು ಹೂಡಿಸಿ, ನಾಟಿಯಿಂದ ಕೊಯ್ಲಿನವರೆಗೆ ತಾನೇ ಕೆಸರಿಗಿಳಿಯುತ್ತಿದ್ದಳು. ಕೊಯ್ಲು ಮುಗಿದ ಮೇಲೆ ನಮ್ಮ ಪಾಲಿನ ಭತ್ತ ನಮ್ಮ ಜಗಲಿಗೆ ಬರುತ್ತಿತ್ತು. ಚೌತಿಗೆ ಗಣಪತಿಯ ಮಂಟಪಕ್ಕೆ ಕಟ್ಟುವ ಮೊಗೆಕಾಯಿ, ಹೀರೆಕಾಯಿಯೂ ಅವಳ ಅಂಗಳದ್ದೇ. ವಯಸ್ಸಿನಲ್ಲಿ ಅವಳು ನನ್ನ ಹೆತ್ತ ಆಯಿಗಿಂತ ಎಷ್ಟೋ ದೊಡ್ಡವಳು. ಆದರೂ ನಾನು ಅವಳನ್ನು "ನಾಗೀ" ಎಂದೇ ಕೂಗುತ್ತಿದ್ದೆ, ಅವಳು "ತಂಗೀ" ಎಂದು ಓಡಿ ಬರುತ್ತಿದ್ದಳು. ಇದರಲ್ಲಿ ಏನಾದರೂ ತಪ್ಪಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಉಳುವವನೇ ಹೊಲದೊಡೆಯ ಎನ್ನುವ ಕಾನೂನು ಬಂದು ಆಗಲೇ ಕೆಲವು ವರ್ಷವಾಗಿತ್ತು. ಗೇಣಿಗೆ ಮಾಡುವವರು ಏಳನೇ ನಂಬರ್ ಫಾರಂ ತುಂಬಿ ಕುಮಟೆಯ ಮಾಮಲೇದಾರ ಕಚೇರಿಗೆ ಕೊಡಬೇಕು. ಕೊಟ್ಟರೆ ವಿಚಾರಣೆಯಾಗಿ ಗದ್ದೆ ಅವರ ಹೆಸರಿಗೆ ಬರುತ್ತಿತ್ತು. ಕೊಡದಿದ್ದರೆ ಇಲ್ಲ. ಊರಲ್ಲಿ ಸುಮಾರು ಜನ ಕೊಟ್ಟಾಗಿತ್ತು. ಅದರಿಂದ ಒಡೆಯರಿಗೂ ಗೇಣಿಯವರಿಗೂ ಮಾತು ಬಿಟ್ಟುಹೋಗಿ, ಎದುರು ಸಿಕ್ಕರೆ ಮುಖ ತಿರುಗಿಸುವ ಮನೆಗಳೂ ಬೇಕಾದಷ್ಟಿದ್ದವು. ನಾಗಿ ಮಾತ್ರ ಕೊಟ್ಟಿರಲಿಲ್ಲ. ಮುಂದೆ ಹೋಗುತ್ತಲೇ ಇದ್ದ ಕೊನೆಯ ದಿನ ಆ ವರ್ಷ ಜೂನ್ ತಿಂಗಳ ಕಡೆಗೆ ಬಂದು ನಿಂತಿತ್ತು. ಇನ್ನು ಮುಂದೂಡುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

"ನಾಗಿ ಹಾಂಗೆಲ್ಲ ಮಾಡೂದಿಲ್ಲೆ. ಅವಳ ಹೊಟ್ಟೆಲಿ ನಮ್ಮನೆ ಅನ್ನ ಇದ್ದು" ಎಂದು ಅಜ್ಜಿ ಹಪ್ಪಳ ಒತ್ತುತ್ತ ಹೇಳುತ್ತಿದ್ದಳು. ಯಾರ ಹೊಟ್ಟೆಯಲ್ಲಿ ಯಾರ ಅನ್ನವಿತ್ತು ಎಂದು ಯೋಚಿಸುವ ಬುದ್ಧಿ ನನಗೆ ಇರಲಿಲ್ಲ. ನನ್ನ ತಲೆಯ ತುಂಬ ಆಗ ಅಮೆರಿಕ ಇತ್ತು.

ನಗೆಯಾಡಬೇಡಿ. ಶಾಲೆ ಸುರುವಾದ ತಿಂಗಳಲ್ಲೇ ತಾಲೂಕಿನ ಭಾಷಣ ಸ್ಪರ್ಧೆಯಿತ್ತು. ನಮ್ಮ ಇತಿಹಾಸದ ಮಾಸ್ತರಿಗೆ ಅಮೆರಿಕದ ಹುಚ್ಚು. ಎಲ್ಲಿಂದಲೋ ತರಿಸಿದ ಬಣ್ಣದ ಮಾಸಪತ್ರಿಕೆಗಳನ್ನು ಓದಿ, 'ಅಮೆರಿಕದ ಇತಿಹಾಸವನ್ನು ತಿದ್ದಿದ ಕಾನೂನುಗಳು' ಎಂದು ಎಂಟು ಪುಟ ಬರೆದುಕೊಟ್ಟು, "ಬಾಯಿಪಾಠ ಮಾಡು, ಬಹುಮಾನ ನಿಂದೇ" ಎಂದಿದ್ದರು. ಮಧ್ಯಾಹ್ನ ಮನೆಯಲ್ಲಿ ಕೂಗಿದರೆ ಅಜ್ಜಿಯ ನಿದ್ದೆಗೆ ತೊಂದರೆ. ಹಾಗಾಗಿ ನಾನು ನಾಗಿಯ ಅಂಗಳಕ್ಕೆ ಹೋಗಿ, ಹಲಸಿನ ಮರದ ಬೇರಿನ ಮೇಲೆ ನಿಂತು ಭಾಷಣ ಬಿಗಿಯುತ್ತಿದ್ದೆ. ನಾಗಿ ಬಿಸಿಲಲ್ಲಿ ಭತ್ತವನ್ನು ಕಾಲಿಂದ ಕೆದರುತ್ತ ಅತ್ತಿಂದಿತ್ತ ನಡೆಯುತ್ತಿದ್ದಳು. ಅದರ ಬೆಂದ ವಾಸನೆ, ಸುಟ್ಟ ಗೇರುಬೀಜದ ವಾಸನೆ, ನನ್ನ ಗಂಟಲು.

ಹೋಮ್‌ಸ್ಟೆಡ್ ಕಾನೂನಿಗೆ ಬಂದಾಗ ನಾನು ಕೈ ಎತ್ತಬೇಕಿತ್ತು. ಐದು ವರ್ಷ ಮನೆ ಕಟ್ಟಿಕೊಂಡು ಉಳುಮೆ ಮಾಡಿದವನಿಗೆ ಸರಕಾರ ನೂರಾ ಅರವತ್ತು ಎಕರೆ ಕೊಟ್ಟಿತು!

ನಾಗಿ ನಿಂತುಬಿಟ್ಟಳು. "ಅಯ್ಯಯ್ಯೋ, ನೂರಾ ಅರ್ವತ್ತಾ? ಒಬ್ಬವ ಹೂಡೂದು ಹ್ಯಾಂಗೆ ಅದ್ನ?"

"ಅದೆಲ್ಲ ಗೊತ್ತಿಲ್ಲ. ಸುಮ್ನೆ ಕೇಳು."

"ಆತು, ಕೇಳ್ತೆ." ಎರಡು ಹೆಜ್ಜೆ ನಡೆದು ಮತ್ತೆ ನಿಂತಳು. "ತಂಗೀ, ಆ ಭೂಮಿ ಮೊದ್ಲು ಯಾರದ್ದಾಗಿತ್ತು?"

ಮಾಸ್ತರು ಬರೆದುಕೊಟ್ಟ ಎಂಟು ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನಗೆ ಸಿಟ್ಟು ಬಂತು. "ಯಾರದ್ದೂ ಅಲ್ಲ" ಎಂದೆ. ಅಲ್ಲಿ ಮೊದಲಿಂದ ಇದ್ದವರ ಭೂಮಿಯನ್ನೇ ಕಿತ್ತು ಹಂಚಿದ್ದು ಎನ್ನುವುದು ಎಷ್ಟೋ ವರ್ಷದ ನಂತರ ಪುಸ್ತಕದಲ್ಲಿ ಸಿಕ್ಕಿತು. ಹೆಬ್ಬೆಟ್ಟಿನ ನಾಗಿಗೆ ಅದು ಭತ್ತ ಕೆದರುವಾಗಲೇ ಹೊಳೆದಿತ್ತು.

ಮತದಾನದ ಕಾನೂನಿನ ಭಾಗ ಅವಳಿಗೆ ಬಹಳ ಹಿಡಿಸಿತ್ತು. ಓದಲು ಬರೆಯಲು ಬರುತ್ತದೆಯೇ ಎಂದು ಪರೀಕ್ಷೆ ಮಾಡಿ ಕರಿಯರನ್ನು ಮತಗಟ್ಟೆಯ ಹತ್ತಿರ ಬರದಂತೆ ತಡೆಯುತ್ತಿದ್ದರು, ಆ ಪರೀಕ್ಷೆಯನ್ನು ಕಾನೂನು ತೆಗೆದುಹಾಕಿತು ಎಂದು ನಾನು ಹೇಳುವಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. "ಓದೂಕೆ ಬರೂದಿಲ್ಲಂದ್ರೆ ಅವ್ರ ತಪ್ಪಾ ಅದು? ಕಲಿಸೂಕೆ ಯಾರ್ ಬಿಟ್ಟಿದ್ರು? ಅಲ್ದಾ ತಂಗೀ?"

"ಹೌದು" ಎನ್ನುತ್ತಿದ್ದೆ, ದೊಡ್ಡ ನ್ಯಾಯಾಧೀಶರ ಹಾಗೆ.

ಒಂದು ದಿನ ಅವಳು ಒಳಗೆ ಹೋಗಿ, ಬಾಳೆಯೆಲೆಯಲ್ಲಿ ಸುತ್ತಿದ ಏನನ್ನೋ ತಂದಳು. ಮಾವಿನಹಣ್ಣೆಂದು ಬಿಚ್ಚಿದರೆ ಏಳನೇ ನಂಬರ್ ಫಾರಂ.

"ತಂಗೀ, ನಿನ್ನ ಅಕ್ಷರ ಮುತ್ತಿನಂಗೆ ಅದೆ. ಇದ್ನ ತುಂಬಿಕೊಡ್ತ್ಯಾ?"

ನನಗೆ ದಿಗಿಲಾಯಿತು. "ಶಾನುಭೋಗರ ಹತ್ರ ಕೇಳು. ನಾನು ಹ್ಯಾಂಗೆ ತುಂಬೂದು? ಗದ್ದೆ ನಮ್ದು."

"ಅದ್ಕೇ ನಿನ್ನತ್ರ ಕೇಳೂದು." ಅವಳು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು. "ಹಿಂದಿಂದ ಕಚೇರಿಗೆ ಹೋಗಿ ಕೊಟ್ರೆ ಅದು ಕದ್ದಂಗೆ. ನಿಮ್ಮನೆ ಕೂಸಿನ ಕೈಯಾರೆ ಬರ್ದು, ನಿಮ್ಮನೆ ಕೂಸೇ ಕೊಟ್ಟು ಬಂದ್ರೆ, ಅದು ನೀವೇ ಕೊಟ್ಟಂಗೆ. ನಾಳೆ ನಿನ್ನ ಅಜ್ಜಿ ಮುಖ ನೋಡೂಕೆ ನಂಗೆ ನಾಚ್ಕೆ ಆಗೂದಿಲ್ಲ."

ಇಡೀ ತಾಲೂಕಿನಲ್ಲಿ ಫಾರಂ ಕೊಟ್ಟವರು ಒಡೆಯರ ಕಣ್ಣು ತಪ್ಪಿಸಿ ಕೊಟ್ಟರು. ಮರ್ಯಾದೆಗೆ ಅಂಜಿ ಒಡೆಯರ ಮಗಳ ಕೈಯಲ್ಲೇ ಕೊಟ್ಟವಳು ಇವಳೊಬ್ಬಳೇ ಇರಬೇಕು.

ನಾನು ತುಂಬಿದೆ. ಹೆಮ್ಮೆಯಿಂದಲೇ ತುಂಬಿದೆ, ಸುಳ್ಳೇಕೆ ಹೇಳಲಿ. ಸರ್ವೆ ನಂಬರು ಮನೆಯ ಪಹಣಿ ನೋಡಿ ಬರೆದೆ. ಪೆನ್ನು ಬಿಚ್ಚಿ ಅವಳ ಹೆಬ್ಬೆಟ್ಟಿಗೆ ಶಾಯಿ ಬಳಿದೆ. ಕೆಸರು ಕಚ್ಚಿ ಕಚ್ಚಿ ಗೆರೆ ಸವೆದಿದ್ದ ಬೆರಳು, ಮೊದಲ ಸಲ ಒತ್ತಿದಾಗ ಬರೀ ಕಲೆ ಬಿತ್ತು. ಮತ್ತೆ ಬಳಿದು ನಾನೇ ಅವಳ ಬೆರಳು ಹಿಡಿದು ಒತ್ತಿದೆ. ನನ್ನ ಹೈಸ್ಕೂಲು ಇದ್ದದ್ದು ಕುಮಟೆಯಲ್ಲೇ. ಶಾಲೆ ಸುರುವಾದ ಮೇಲೆ ಹೋದಾಗ ಕೊಟ್ಟು ಬರುವುದು ಎಂದಾಗಿ, ಫಾರಂ ನನ್ನ ಚೀಲ ಸೇರಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ನಾನು ಕೋಣೆಯಲ್ಲಿ ಓದುತ್ತಿದ್ದಾಗ ಜಗಲಿಯಲ್ಲಿ ಅಪ್ಪ, ಆಯಿ ಮಾತಾಡುವುದು ಕೇಳಿತು.

"ಗದ್ದೆ ಹೋದ್ರೆ ಊಟಕ್ಕೆ ಎಂತ ಮಾಡೂದು? ಅಕ್ಕಿ ಕೊಂಡು ತಂದು ಈ ಕೂಸಿನ ಕಾಲೇಜು ಆಗೂದಿಲ್ಲೆ" ಎಂದ ಅಪ್ಪ.

"ಹತ್ತನೇ ಇಯತ್ತೆ ಆದ್ಮೇಲೆ ಸಾಕು ಬಿಡಿ" ಎಂದಳು ಆಯಿ. "ಹೆಣ್ಣು ಕೂಸು. ಎಂತಕ್ಕೆ ಇನ್ನೂ ಓದೂದು?"

ನಾಗಿ ಫಾರಂ ಕೊಡುತ್ತಾಳೆಂಬ ಗುಮಾನಿ ಅವರಿಗಿರಲಿಲ್ಲ. ಸುಮ್ಮನೆ ಆಡಿದ ಮಾತು. ಆದರೆ ಗದ್ದೆ ನನ್ನ ಚೀಲದಲ್ಲಿತ್ತಲ್ಲ, ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಕಾಲೇಜೆಂದರೆ ಆಗ ನನಗೆ ಜೀವ.

ಸ್ಪರ್ಧೆಯ ದಿನವೂ ಫಾರಂ ಕೊಡುವ ಕೊನೆಯ ದಿನವೂ ಒಂದೇ ಆಗಿ ಬಂತು. ಅಷ್ಟು ದಿನ ಇವತ್ತು ನಾಳೆ ಎಂದು ನಾನೇ ತಳ್ಳುತ್ತ ಬಂದಿದ್ದೆ. ಬೆಳಿಗ್ಗೆ ಮಾಮಲೇದಾರ ಕಚೇರಿಗೆ ಹೋದೆ. ಹೋಗಲಿಲ್ಲವೆಂದಲ್ಲ. ಮೆಟ್ಟಿಲವರೆಗೂ ಸಾಲು. ಒದ್ದೆ ಕಂಬಳಿಕೊಪ್ಪೆಗಳ ವಾಸನೆ. ಹಿಂದೆ ನಿಂತ ಮುದುಕನೊಬ್ಬ "ನಿಂಗೆ ಶಾಲೆಗೆ ಹೊತ್ತಾತು ತಂಗೀ, ಮುಂದೆ ಹೋಗು" ಎಂದು ದಾರಿ ಬಿಟ್ಟ. ಅವನ ಮುಂದಿದ್ದವರೂ ಸರಿದರು. ಕಿಟಕಿಯಲ್ಲಿ ಕಾರಕೂನನ ಕೈ ಕಾಣುತ್ತಿತ್ತು. ನಾನು "ಪುಸ್ತಕ ಮರೆತೆ" ಎಂದು ಯಾರಿಗೆಂದಿಲ್ಲದೆ ಹೇಳಿ, ಹೊರಗೆ ಓಡಿದೆ.

ಮಧ್ಯಾಹ್ನ ಭಾಷಣ ಮಾಡಿದೆ. ಏನು ಭಾಷಣವಂತೀರಿ! ಉಳುವವನಿಗೆ ಭೂಮಿ ಎಂದಾಗ ಕೈ ಎತ್ತಿದೆ, ಓದಲು ಬಾರದವರನ್ನು ವಂಚಿಸಿದ ದೇಶಕ್ಕೆ ಕಾನೂನು ಬುದ್ಧಿ ಕಲಿಸಿತು ಎಂದಾಗ ಗಂಟಲು ತುಂಬಿಸಿದೆ. ಚೀಲ ವೇದಿಕೆಯ ಕೆಳಗೆ ಮಾಸ್ತರರ ಕಾಲ ಹತ್ತಿರ ಇತ್ತು. ಮುಗಿಸಿ ತಲೆ ಎತ್ತಿದರೆ, ಕಿಟಕಿಯ ಹೊರಗೆ ಮಳೆಯಲ್ಲಿ ನಿಂತು ನಾಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಳು. ಬಸಳೆ ಮಾರಲು ಪೇಟೆಗೆ ಬಂದವಳು ಕೇಳಲು ನಿಂತಿದ್ದಳಂತೆ.

ಮೊದಲ ಬಹುಮಾನ ತೆಗೆದುಕೊಂಡು ಹೊರಗೆ ಬಂದೆ. ಅವಳು ನನ್ನ ಬಹುಮಾನದ ಪುಸ್ತಕವನ್ನು ಸೆರಗಿನಿಂದ ಒರೆಸಿ, ಮೆಲ್ಲಗೆ ಕೇಳಿದಳು.

"ಕೊಟ್ಯಾ?"

ಕಚೇರಿ ಮುಚ್ಚಲು ಇನ್ನೂ ಎರಡು ತಾಸು ಇತ್ತು.

"ಕೊಟ್ಟೆ" ಎಂದೆ.

"ಪಾವತಿ ಚೀಟಿ?"

"ಆಮೇಲೆ ಕಳಿಸ್ತ್ರಂತೆ."

"ಆತು. ನೀ ಕೊಟ್ಯಲ್ಲ, ಸಾಕು" ಎಂದು ನನ್ನ ತಲೆಯ ಮೇಲೆ ಬಸಳೆಯ ಲೋಳೆ ಮೆತ್ತಿದ ಕೈಯಿಟ್ಟಳು. ಮನೆಗೆ ಬಂದವಳೇ ಬಚ್ಚಲೊಲೆಗೆ ಫಾರಂ ಹಾಕಿದೆ. ಒದ್ದೆಯಾಗಿತ್ತು, ಬೇಗ ಹತ್ತಲಿಲ್ಲ.

ಅದರ ನಂತರ ನಡೆದದ್ದು ನೆನೆದರೆ ಈಗಲೂ ಮೈ ಮುದುಡುತ್ತದೆ. ಕೊನೆಯ ದಿನ ಕಳೆಯಿತು, ನಾಗಿ ಫಾರಂ ಕೊಡಲಿಲ್ಲ ಎಂದು ಅಜ್ಜಿಗೆ ಹಿಗ್ಗೋ ಹಿಗ್ಗು. "ನಾ ಹೇಳಿದ್ದೆ ಅಲ್ದಾ?" ಎಂದು, ಚೌತಿಯ ದಿನ ನಾಗಿಗೆ ಹೊಸ ಸೀರೆ ಕೊಟ್ಟಳು. ಫಾರಂ ಕೊಟ್ಟರೂ ಈ ಮನೆಯವರು ಮುನಿಯಲಿಲ್ಲ ಎಂದು ನಾಗಿ ಆ ಸೀರೆಯನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಅವಳು ಅತ್ತದ್ದು ನೋಡಿ ಅಜ್ಜಿಯೂ ಅತ್ತಳು. ಒಬ್ಬರಿಗೊಬ್ಬರ ಒಳ್ಳೆಯತನ ಕಂಡು ಇಬ್ಬರು ಮುದುಕಿಯರು ಅಳುತ್ತಿರುವಾಗ ನಾನು ಬಾಗಿಲಲ್ಲಿ ನಿಂತು ಪಂಚಕಜ್ಜಾಯ ತಿನ್ನುತ್ತಿದ್ದೆ.

ವಿಚಾರಣೆಯ ನೋಟೀಸು ಬರಲಿಲ್ಲ. ವರ್ಷ ತಿರುಗಿದ ಮೇಲೆ ನಾಗಿ ಕಚೇರಿಗೆ ಹೋಗಿ ಕೇಳಿದಳು. ನಿನ್ನ ಹೆಸರಿನ ಫಾರಂ ಬಂದೇ ಇಲ್ಲ ಎಂದರು. ಅವಳು ನನ್ನನ್ನು ಏನೂ ಕೇಳಲಿಲ್ಲ. ಅವಳ ಮಟ್ಟಿಗೆ ಕಾಗದ ಕಳೆದದ್ದು ಕಾರಕೂನ. ನ್ಯಾಯಕ್ಕೆ ಅವಳಿಗೆ ಗೊತ್ತಿದ್ದ ಇನ್ನೊಂದೇ ಕಚೇರಿ ಧಾರೇಶ್ವರದ ದೇವಸ್ಥಾನ. ದೇವರ ಮುಂದೆ ಕಾಯಿಟ್ಟು ದೂರು ಹೇಳಿಬಿಟ್ಟರೆ, ಅನ್ಯಾಯ ಮಾಡಿದವರನ್ನು ದೇವರು ನೋಡಿಕೊಳ್ಳುತ್ತಾನೆ. ಅದಕ್ಕೆ ಸಾಕ್ಷಿಯಾಗಿ ನನ್ನನ್ನು ಕರೆದುಕೊಂಡು ಹೋದಳು.

"ನಂಗೆ ಚೆಂದ ಮಾಡಿ ಹೇಳೂಕೆ ಬರೂದಿಲ್ಲ. ನೀ ಭಾಷ್ಣ ಮಾಡುವವ್ಳು. ನೀನೇ ಹೇಳು ತಂಗೀ. ಕಾಗ್ದ ಹಾಳು ಮಾಡಿದವ್ರಿಗೆ ತಕ್ಕದ್ದು ಮಾಡು ಅಂತ ಹೇಳು."

ನಾನು ಕೈ ಮುಗಿದು ಬಾಯಿ ತೆರೆದೆ. ಅಳು ಒತ್ತರಿಸಿ ಬಂತು. ಅಲ್ಲೇ ಕೂತೆ.

ನಾಗಿ ಗಾಬರಿಯಾದಳು. ನನ್ನ ಬೆನ್ನು ಸವರುತ್ತ, "ಬೇಡ, ಬೇಡ ಬಿಡು. ನಂಗೋಸ್ಕರ ನೀ ಇಷ್ಟು ಅಳೂದಾ? ಆ ಕಾರಕೂನನಿಗೂ ನಿನ್ನಂಗೆ ಒಂದ್ ಕೂಸು ಇರೂದು. ಶಾಪ ಎಂತಕ್ಕೆ?" ಎಂದಳು. ದೂರಿನ ಕಾಯಿಯನ್ನು ಪೂಜೆಗೆ ಕೊಟ್ಟು ಒಡೆಸಿ, ಒಂದು ಹೋಳನ್ನು ನನ್ನ ಕೈಯಲ್ಲಿಟ್ಟಳು. ಆಗ ಹೇಳಬಹುದಿತ್ತು. ಬರುವ ದಾರಿಯುದ್ದಕ್ಕೂ ಹೇಳಬಹುದಿತ್ತು.

ಮುಂದೆ ಅಪ್ಪ ಗದ್ದೆ ಮಾರಿದ. ನಾಗಿ ಹೊನ್ನಾವರದ ಕಡೆ ತಂಗಿಯ ಮನೆಗೆ ಹೋದಳು. ನಾನು ಓದಿದೆ, ಇತಿಹಾಸದ ಮೇಡಂ ಆದೆ, ನಿವೃತ್ತಳಾಗುವವರೆಗೆ ಅಮೆರಿಕದ ಅದೇ ಕಾನೂನುಗಳನ್ನು ಪಾಠ ಮಾಡಿದೆ. ಚೆನ್ನಾಗಿ ಮಾಡುತ್ತಾರೆ ಎಂದು ಹೆಸರೂ ಇತ್ತು. ಈಗ ಆ ಗದ್ದೆಯಲ್ಲಿ ತಾರಸಿ ಮನೆಗಳೆದ್ದಿವೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಹಸಿರು ಹೋಯಿತು, ಭತ್ತದ ವಾಸನೆ ಹೋಯಿತು, ನಂಬಿಕೆಯ ಜನ ಹೋದರು ಎಂದು ಎಲ್ಲರೂ ಹಲಬುತ್ತಾರೆ. ನಾನು ಮಾತ್ರ ಏನೂ ಬರೆಯುವುದಿಲ್ಲ. ಹೋಯಿತು ಎನ್ನಲು ನನಗೆಲ್ಲಿದೆ ಬಾಯಿ?

ನಾಗಿಯನ್ನು ಕೊನೆಯ ಸಲ ಕಂಡದ್ದು ಹೊನ್ನಾವರದ ಬಸ್ ನಿಲ್ದಾಣದಲ್ಲಿ. ಎಂಬತ್ತರ ದಶಕ ಮುಗಿಯುತ್ತಿತ್ತು, ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿ ವರ್ಷವಾಗಿರಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದರೂ ಸ್ವರದಿಂದಲೇ ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡಳು. ಜೊತೆಗಿದ್ದ ತಂಗಿಯ ಮೊಮ್ಮಗಳಿಗೆ, ಏಳೆಂಟು ವರ್ಷದ ಹುಡುಗಿಗೆ, ನನ್ನನ್ನು ತೋರಿಸಿದಳು.

"ನಾ ಹೇಳ್ತಿದ್ನಲ್ಲೇ, ಇದೇ ಆ ಕೂಸು. ತನ್ನ ಮನೆ ಗದ್ದೆ ಅಂತೂ ನೋಡ್ದೆ ನಮ್ ಕಾಗ್ದ ಕಚೇರಿಗೆ ಕೊಟ್ಟು ಬಂದದ್ದು. ಅಂಥವ್ರು ಈಗ ಹುಟ್ಟೂದಿಲ್ಲ. ಕಾಲಿಗೆ ಬೀಳು."

ಹುಡುಗಿ ಚೀಲ ಕೆಳಗಿಟ್ಟು ಬಗ್ಗಿದಳು. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.